ಅಪ್ಪನ ಗಾಡಿಯ ನಂಬರು

ಒಂದು ಗಾಡಿಯ ನಂಬರ್ ಪ್ಲೇಟನ್ನು ಇನ್ನೊಂದಕ್ಕೆ ಹಾಕಿದರೆ ಕೇಸು, ಗಾಡಿ ಜಪ್ತಿ. ಈ ಕಾನೂನು ನಮ್ಮ ಬೀದಿಯವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದು ಕಳ್ಳರಿಗೆ, ಮರಳು ಸಾಗಿಸುವವರಿಗೆ ಅಂತ ಎಲ್ಲರೂ ತಿಳಿದಿದ್ದರು. ನನ್ನ ತಮ್ಮ ಕಳ್ಳನಲ್ಲ. ಆದರೂ ಒಂದು ತಗಡಿನ ತುಂಡಿನಿಂದಾಗಿ ಅವನು ಕೊನೆಗಳಿಗೆಯಲ್ಲಿ ನಮ್ಮವರು ಒಬ್ಬರೂ ಹತ್ತಿರವಿಲ್ಲದೆ ಮಲಗಿದ್ದ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಯಾರ ಮೇಲೆ ಅಂತ ಮಾತ್ರ ಕೇಳಬೇಡಿ.

ನಾವು ಸೇಲಂ ಹತ್ತಿರದ ತಾರಮಂಗಲಂ ಕಡೆಯ ನೇಕಾರರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಮ್ಮಲ್ಲಿ ಹಳೆ ಮಗ್ಗ ಹೋಗಿ ಹೊಸದು ಬಂದರೆ, ಹಳೆಯದರ ಒಂದು ಮರದ ಪಟ್ಟಿಯನ್ನಾದರೂ ಹೊಸದಕ್ಕೆ ಸೇರಿಸುತ್ತೇವೆ. ಮೊದಲು ನೇಯ್ದವರ ಕೈಗುಣ ಉಳಿಯಲಿ ಅಂತ. ಅಪ್ಪ ಕೂತು ನೇಯುತ್ತಿದ್ದ ಮಗ್ಗದಲ್ಲಿ ಅಜ್ಜನ ಕಾಲದ ಪಟ್ಟಿಯೊಂದಿತ್ತು. ಉಳಿದ ಮರಕ್ಕಿಂತ ಕಪ್ಪಗೆ, ಕೈಯಾಡಿ ಕೈಯಾಡಿ ನುಣ್ಣಗಾಗಿತ್ತು.

ಅಪ್ಪನಿಗೆ ಒಂದು ಮೊಪೆಡ್ ಇತ್ತು. ನೇಯ್ದ ಸೀರೆಗಳನ್ನು ಬಟ್ಟೆಯಲ್ಲಿ ಸುತ್ತಿ ಹಿಂದೆ ಕಟ್ಟಿಕೊಂಡು ಸೇಲಂಗೆ, ಧರ್ಮಪುರಿಗೆ ಅದರಲ್ಲೇ ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ತಮ್ಮ ಅದನ್ನೇ ಓಡಿಸಿದ. ಇಂಜಿನ್ ಪೂರ್ತಿ ಕೈಕೊಟ್ಟಾಗ ಹಳೆ ಕಬ್ಬಿಣದವನಿಗೆ ಹಾಕಿ, ಸೇಲಂನಲ್ಲಿ ಅಂಥದ್ದೇ ಸೆಕೆಂಡ್ ಹ್ಯಾಂಡ್ ಗಾಡಿ ತಂದ. ಆದರೆ ಕಬ್ಬಿಣದವನು ಬರುವ ಮೊದಲೇ ಅವ್ವ ಹಳೆಯದರ ನಂಬರ್ ಪ್ಲೇಟು ಬಿಚ್ಚಿ ಒಳಗಿಟ್ಟುಕೊಂಡಿದ್ದಳು. ಹೊಸ ಗಾಡಿಗೆ ಅದನ್ನೇ ಹಾಕಬೇಕು ಅಂತ ಹಟ ಹಿಡಿದಳು. ಅಪ್ಪ ಆ ನಂಬರಿನ ಗಾಡಿಯಲ್ಲಿ ಒಂದು ದಿನವೂ ಬಿದ್ದವರಲ್ಲ.

ತಪ್ಪಾಗುತ್ತದೆ, ಪೊಲೀಸು ಹಿಡಿಯುತ್ತಾರೆ ಅಂತ ತಮ್ಮ ಹೇಳದೆ ಇರಲಿಲ್ಲ. ಅವ್ವ ಕೇಳುವವಳೇ?

"ಕುಂಬ್ಳಕಾಯಿ ಕಳ್ಳ ಅಂದ್ರೆ ನಾವ್ಯಾಕ್ಲಾ ಎಗ್ಲು ಮುಟ್ಟಿ ನೋಡ್ಕೋಬೇಕು? ನಿಮ್ಮಪ್ಪನ್ ನಂಬರು. ನಮ್ಮನೇದೇ ಅಲ್ವಾ."

ಕಣ್ಣೀರು ಬೇರೆ ಹಾಕಿದಳು. ಅವ್ವನ ಕಣ್ಣೀರಿನ ಮುಂದೆ ಅವನದು ಯಾವತ್ತೂ ನಡೆದದ್ದಿಲ್ಲ. ಸ್ಕ್ರೂ ತಿರುಗಿಸಿ ಹಾಕಿದ. ಅವ್ವ ಅರಿಶಿನ ಕುಂಕುಮ ಹಚ್ಚಿದಳು. ನಂಬರು ಒಂದು, ಕಾಗದ ಇನ್ನೊಂದು ಆದ್ದರಿಂದ ಅವನು ಕಾಗದಗಳನ್ನು ತೆಗೆದುಕೊಂಡು ಹೋಗುವುದನ್ನೇ ಬಿಟ್ಟ. ಯಾರಾದರೂ ತಡೆದರೆ ಮರೆತು ಬಂದೆ ಅನ್ನುವುದು ಸುಲಭ ಅಂತ ಲೈಸೆನ್ಸನ್ನೂ ಅದೇ ಕವರಿನಲ್ಲಿ ಬೀರುವಿಗೆ ಸೇರಿಸಿದ.

ಆ ದಿನ ಧರ್ಮಪುರಿಯ ಒಂದು ಮದುವೆ ಮನೆಗೆ ಮುಹೂರ್ತದ ಸೀರೆ ಕೊಡಲು ಹೋಗಿದ್ದ. ಕೊಟ್ಟಾಯಿತು, ಊಟದ ಹೊತ್ತಿಗೆ ಬಂದುಬಿಡುತ್ತೇನೆ ಅಂತ ಫೋನೂ ಮಾಡಿದ. ತೊಪ್ಪೂರಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದ ಲಾರಿಯೊಂದು ಹಿಂದಿನಿಂದ ಬಂತು. ಅವನ ಫೋನು ಅಲ್ಲೇ ನುಚ್ಚುನೂರಾಯಿತು. ಮೈಮೇಲೆ ಹೆಸರು ಹೇಳುವ ಒಂದು ಚೀಟಿಯೂ ಇರಲಿಲ್ಲ. ಇದ್ದದ್ದು ಗಾಡಿಯ ನಂಬರು ಒಂದೇ.

ನಾನು ಅವತ್ತು ತವರಿನಲ್ಲೇ ಇದ್ದೆ. ಮಧ್ಯಾಹ್ನ ಕಳೆದಿತ್ತು, ಅವನ ತಟ್ಟೆಗೆ ಅನ್ನ ಹಾಕಿ ಮುಚ್ಚಿಟ್ಟಿದ್ದೆವು. ಅಪ್ಪನ ಫೋನು ಹೊಡೆಯಿತು. ಅದನ್ನು ಈಗ ಅವ್ವ ಇಟ್ಟುಕೊಂಡಿದ್ದಳು. ಯಾರೋ ತಮಿಳಿನಲ್ಲಿ ಅಪ್ಪನ ಹೆಸರು ಹೇಳಿ, ಅವರಿಗೆ ಆಕ್ಸಿಡೆಂಟ್ ಆಗಿದೆ, ಆಸ್ಪತ್ರೆಗೆ ಬನ್ನಿ ಅಂದರಂತೆ. ಇಂಥ ಮೋಸದ ಫೋನುಗಳು ನಮ್ಮ ಬೀದಿಗೆ ಆಗಾಗ ಬರುತ್ತಿದ್ದವು. ಆ ಮನುಷ್ಯ ಸತ್ತು ವರ್ಷಗಳಾದವು, ನಿಮಗೆ ಬೇರೆ ಕೆಲಸ ಇಲ್ಲವಾ ಅಂತ ಬೈದು ಅವ್ವ ಇಟ್ಟಳು. ಮತ್ತೆ ಹೊಡೆಯಿತು, ಎತ್ತಲಿಲ್ಲ.

"ಸತ್ತೋರ್ಗೆ ಆಕ್ಸಿಡೆಂಟ್ ಆಗೈತಂತೆ ಕಣೇ," ಅಂತ ನಕ್ಕಳು. ನಾನೂ ನಕ್ಕೆ.

ಸಂಜೆಯಾದರೂ ತಮ್ಮನ ಸುಳಿವಿಲ್ಲ, ಅವನ ಫೋನು ಸ್ವಿಚ್ ಆಫ್. ಅಷ್ಟರಲ್ಲಿ ನನ್ನ ಯಜಮಾನರು ಕೆಲಸ ಮುಗಿಸಿ ನನ್ನನ್ನು ಕರೆದೊಯ್ಯಲು ಬಂದರು. ಕಾಫಿ ಕೊಡುತ್ತಾ ಅವ್ವ ಆ ಫೋನಿನ ಕಥೆ ಹೇಳಿದಳು. ಅವರು ನಗಲಿಲ್ಲ. ಲೋಟ ಕೆಳಗಿಟ್ಟರು.

"ಅತ್ತೆ, ಬಾಮೈದ್ನ ಗಾಡೀಲಿರೋದು ಯಾರ್ ನಂಬರು?"

ಅವ್ವ ಅಪ್ಪನ ಫೋನು ತಂದು ಅವರ ಕೈಗಿಟ್ಟಳು. ಮಧ್ಯಾಹ್ನ ಬಂದಿದ್ದ ನಂಬರಿಗೆ ಅವರು ತಿರುಗಿ ಮಾಡಿದರೆ, ತೊಪ್ಪೂರಿನಲ್ಲಿ ಬಿದ್ದವನು ಧರ್ಮಪುರಿ ಆಸ್ಪತ್ರೆಯಲ್ಲಿದ್ದಾನೆ ಅಂದರು.

ಕಾರು ಮಾಡಿಕೊಂಡು ಓಡಿದೆವು. ತೊಪ್ಪೂರಿನಲ್ಲಿ ಯಾರೂ ಹೊರಗೆ ನೋಡಲಿಲ್ಲ. ಧರ್ಮಪುರಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಅಲ್ಲಿದ್ದ ಪೊಲೀಸಿನವರು ಬೈಯಲಿಲ್ಲ. ನಂಬರು ಹಾಕಿ ನೋಡಿದಾಗ ಬಂದ ಹೆಸರು, ಫೋನು ಇವೇ; ಆ ಮನುಷ್ಯ ಸತ್ತಿದ್ದಾನೆ ಅಂತ ನೀವೇ ಹೇಳಿದ ಮೇಲೆ ಗಾಡಿ ಕದ್ದದ್ದೋ ಏನೋ ಅಂತ ವಿಚಾರಿಸುತ್ತಾ ಇದ್ದೆವು ಅಂದರು. ರಸ್ತೆಯಲ್ಲಿ ಬಿದ್ದವನಿಗೆ ಮಾತು ಹೊರಡದೆ ಇದ್ದರೆ ಅವನ ಪರವಾಗಿ ಹೇಳುವುದು ಆ ನಂಬರು ಒಂದೇ ಅಲ್ಲವೇನಮ್ಮ, ಅಂತಲೂ ಅಂದರು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಆ ಬುದ್ಧಿ ಕಟ್ಟಿಕೊಂಡು ಏನು ಮಾಡುವುದು? ನನಗೆ ಆ ಕ್ಷಣ ಅವ್ವನ ಮುಖ ನೋಡಲು ಆಗಲಿಲ್ಲ. ಅಷ್ಟು ಕೋಪ ಬಂದಿತ್ತು. ಅಷ್ಟೇ ಅಯ್ಯೋ ಅನ್ನಿಸಿತ್ತು.

ವಾರ್ಡಿನ ನರ್ಸಮ್ಮ ಅವ್ವನ ಕೈ ಹಿಡಿದುಕೊಂಡು ಸಮಾಧಾನಕ್ಕೆಂದು ಹೇಳಿದಳು: ಬಂದಾಗ ಅವನಿಗೆ ಪ್ರಜ್ಞೆ ಇತ್ತು, ದವಡೆ ಮುರಿದು ಮಾತು ಮಾತ್ರ ಬರುತ್ತಿರಲಿಲ್ಲ. ಕಣ್ಣು ಮುಚ್ಚದಿರಲಿ ಅಂತ ನಾನು ಪಕ್ಕದಲ್ಲೇ ನಿಂತು ಹೆಸರು ಹಿಡಿದು ಕರೆಯುತ್ತಲೇ ಇದ್ದೆ. ಯಾವ ಹೆಸರು ಅಂತ ಅವ್ವ ಕೇಳಿದಳು. ನರ್ಸಮ್ಮ ಅಪ್ಪನ ಹೆಸರು ಹೇಳಿದಳು. ಕರೆದಾಗಲೆಲ್ಲ ಅವನು ತಲೆ ಅಲ್ಲಾಡಿಸುತ್ತಿದ್ದನಂತೆ, ಇಲ್ಲ ಇಲ್ಲ ಅನ್ನುವ ಹಾಗೆ. ನೋವಿಗೆ ಅಂತ ಅಂದುಕೊಂಡೆ ಅಂದಳು.

ಅವ್ವ ಅಳಲಿಲ್ಲ. ಅವನ ಮುಖದ ಮೇಲಿನ ಬಟ್ಟೆ ಸರಿಸಿ, ಕಿವಿಯ ಹತ್ತಿರ ಬಾಗಿ, ತೊಟ್ಟಿಲಿಗೆ ಹಾಕಿದಾಗ ಇಟ್ಟ ಹೆಸರು ಹಿಡಿದು ಕರೆದಳು. ಮತ್ತೆ ಕರೆದಳು. ನಾವು ಎಬ್ಬಿಸುವ ತನಕ ಕರೆಯುತ್ತಲೇ ಇದ್ದಳು.