ಮಂತ್ರಿಯ ಕೈ

ನಮ್ಮಕ್ಕ ಪತ್ರಿಕೆಯೊಂದಕ್ಕೆ ದಿನಾ ವ್ಯಂಗ್ಯಚಿತ್ರ ಬರೆಯುತ್ತಾಳೆ. ಅವಳ ಮಂತ್ರಿ ಇಪ್ಪತ್ತೈದು ವರ್ಷ ಎರಡೂ ಕೈ ಬೆನ್ನ ಹಿಂದಿಟ್ಟುಕೊಂಡೇ ನಿಂತಿದ್ದ. "ಲಂಚ ಬಚ್ಚಿಟ್ಟಿದ್ದಾನೆ, ಎಂಥಾ ಸೂಕ್ಷ್ಮ!" ಎಂದು ಓದುಗರು ಪತ್ರ ಬರೆದದ್ದೇ ಬರೆದದ್ದು. ಸೂಕ್ಷ್ಮವೂ ಇಲ್ಲ, ಮಣ್ಣೂ ಇಲ್ಲ. ಅಕ್ಕನಿಗೆ ಬೆರಳು ಬರೆಯಲು ಬರುತ್ತಿರಲಿಲ್ಲ, ಅಷ್ಟೇ. ಬರೆದರೆ ಬಾಳೆಹಣ್ಣಿನ ಚಿಪ್ಪಿನಂತೆ ಕಾಣುತ್ತಿತ್ತು.

ಐವತ್ತು ದಾಟಿದ ಮೇಲೆ ಅವಳಿಗೆ ಹಟ ಹುಟ್ಟಿತು. ಬಸ್ಸಿನಲ್ಲಿ ಕಂಬಿ ಹಿಡಿದವರ, ಅಂಗಿಗೆ ಗುಂಡಿ ಹಾಕುವವರ, ಕಿವಿ ಕೆರೆದುಕೊಳ್ಳುವವರ ಕೈಗಳನ್ನೆಲ್ಲ ಪುಸ್ತಕದಲ್ಲಿ ಗೀಚಿದಳು. ಮನೆಗೆ ಬಂದು ತನ್ನ ಹಳೆಯ ಚಿತ್ರಗಳ ಮೇಲೆ ತೆಳುಹಾಳೆ ಹಾಸಿ, ಮಿಕ್ಕ ಪಾತ್ರಗಳ ಜೇಬಿನಲ್ಲಿ ಅಡಗಿದ್ದ ಒಂದೊಂದೇ ಕೈಯನ್ನು ಹೊರಗೆಳೆದು ಮತ್ತೆ ಬರೆದಳು. ಎರಡು ವರ್ಷವಾದ ಮೇಲೆ ಮಂತ್ರಿಯ ಸರದಿ ಬಂತು.

ಆ ಚಿತ್ರ ಕೊಡಲು ಹೋದಾಗ ನಾನೂ ಜೊತೆಗಿದ್ದೆ. ಸಂಪಾದಕರು ಕನ್ನಡಕ ಏರಿಸಿ, ಮಂತ್ರಿ ಮುಂದೆ ಚಾಚಿದ್ದ ಕೈಯನ್ನೇ ದಿಟ್ಟಿಸಿದರು.

"ಖಾಲಿ ಇದೆಯಲ್ಲಾ ಮೇಡಂ! ಇದರ ಒಳಾರ್ಥ ಏನು?"

"ಅರ್ಥ ಓದೋರು ಹುಡುಕ್ಕೋತಾರೆ ಸಾರ್, ಇಷ್ಟು ವರ್ಷ ಹುಡುಕಿಲ್ವಾ?" ಎಂದಳು ಅಕ್ಕ. "ನೀವು ಬೆರಳು ನೋಡಿ."