ಸಪ್ಪಳ ಕಳ್ಳನ ಕಡೆಯ ಹಾಳೆ

ಸೂಪರ್‌ಹೀರೋ ಸಿನಿಮಾದಲ್ಲಿ ಆಕಾಶದಿಂದ ನೀಲಿ ಬೆಳಕಿನ ಕಂಬ ಇಳಿಯಿತೆಂದರೆ ನನಗೆ ಆಕಳಿಕೆ ಶುರುವಾಗುತ್ತದೆ. ಖಳನಿಗೆ ಇಡೀ ಪ್ರಪಂಚ ಬೇಕಂತೆ. ತೆಗೆದುಕೊಂಡು ಏನು ಮಾಡುತ್ತಾನೆ ಎಂದು ಯಾರೂ ಹೇಳುವುದಿಲ್ಲ. ನಾನು ಮೂವತ್ತು ವರ್ಷದಿಂದ ಔರಾದ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದೇನೆ, ನನ್ನ ಕಕ್ಷಿದಾರರಲ್ಲಿ ಒಬ್ಬನಿಗೂ ಪ್ರಪಂಚ ಬೇಕಾಗಿರಲಿಲ್ಲ. ಒಬ್ಬನಿಗೆ ಪಕ್ಕದ ಹೊಲದ ಬದುವಿನಲ್ಲಿ ಎರಡು ಮೊಳ ಬೇಕಿತ್ತು. ಠಾಣಾ ಕುಶನೂರಿನ ಇನ್ನೊಬ್ಬನಿಗೆ ಅಣ್ಣನ ಮನೆಯ ಮುಂದಿನ ಬೇವಿನ ಮರ ಬೇಕಿತ್ತು, ಅದೂ ನೆರಳಿಗಲ್ಲ, ಅಣ್ಣನಿಗೆ ನೆರಳು ಸಿಗಬಾರದೆಂದು. ಖಳರೆಂದರೆ ಹೀಗಿರಬೇಕು. ಆಸೆ ಸಣ್ಣದು, ಹಟ ದೊಡ್ಡದು.

ಹಳೆಯ ಕಾಮಿಕ್ಸುಗಳಲ್ಲಿ ಇಂಥವರು ಬೇಕಾದಷ್ಟು ಜನರಿದ್ದರು. ಒಬ್ಬ ದರ್ಜಿಯಿದ್ದ. ಅವನು ಹೊಲಿದ ಅಂಗಿ ತೊಟ್ಟವರಿಗೆ ಅವನ ಮೇಲೆ ಕೈಯೆತ್ತಲು ಬರುತ್ತಿರಲಿಲ್ಲ. ಇದರಲ್ಲಿ ಮಂತ್ರ ಏನಿದೆ, ನಮ್ಮ ಭಾಲ್ಕಿಯ ದರ್ಜಿಯೂ ಕಂಕುಳಲ್ಲಿ ಬಿಗಿ ಹಿಡಿಯುತ್ತಾನಲ್ಲ ಎಂದು ನಮ್ಮಕ್ಕ ಕೇಳಿದ್ದಳು. ಇನ್ನೊಬ್ಬ ಊರಿನ ಬೀಗಗಳನ್ನೆಲ್ಲ ಒಂದೇ ಕೀಲಿಯಿಂದ ತೆಗೆದು, ಏನನ್ನೂ ಕದಿಯದೆ, ಸಾಮಾನುಗಳ ಜಾಗ ಬದಲಿಸಿ ಹೋಗುತ್ತಿದ್ದ. ಇವರ್ಯಾರಿಗೂ ಸಿನಿಮಾದಲ್ಲಿ ಅವಕಾಶ ಸಿಕ್ಕಿಲ್ಲ. ನನ್ನನ್ನು ಕೇಳಿದರೆ ಎಲ್ಲರ ಪರವಾಗಿ ಪುಕ್ಕಟೆ ವಕಾಲತ್ತು ಹಾಕುತ್ತೇನೆ, ಅದರಲ್ಲೂ ಮೊದಲು ಸಪ್ಪಳ ಕಳ್ಳನ ಪರವಾಗಿ.

ಅವನು ನಮ್ಮ ಮನೆಗೆ ಬಂದದ್ದು ಭಾಲ್ಕಿಯ ಸ್ಟೇಷನ್ ರೋಡಿನ ಸೈಕಲ್ ಅಂಗಡಿಯಿಂದ. ಅಲ್ಲಿನ ಚಾಚಾ ಪಂಕ್ಚರ್ ಹಾಕುವುದರ ಜೊತೆಗೆ ಹಿಂದಿ ಕಾಮಿಕ್ಸುಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಒಯ್ದ ಹುಡುಗರು ವಾಪಸು ತರುತ್ತಿರಲಿಲ್ಲ. ಬೈದು ನೋಡಿದ, ಮನೆಗೆ ಹೋಗಿ ಹೇಳಿ ನೋಡಿದ, ಕಡೆಗೆ ಒಂದು ಉಪಾಯ ಮಾಡಿದ. ಪ್ರತಿ ಪುಸ್ತಕದ ಕಡೆಯ ಹಾಳೆಯನ್ನು ಬಿಡಿಸಿ, ಸೈಕಲ್ ಗಾಲಿಯ ಕಡ್ಡಿಗೆ ಚುಚ್ಚಿ ಅಂಗಡಿಯ ಗೋಡೆಗೆ ತೂಗುಹಾಕಿದ. ಪುಸ್ತಕ ವಾಪಸು ಕೊಟ್ಟವನಿಗೆ ಮಾತ್ರ ಆ ಹಾಳೆ, ಅದನ್ನೂ ಅವನ ಎದುರಿಗೇ ನಿಂತು ಓದಿ ಕೊಡಬೇಕು. ಮುಂದೆ ಒಂದು ಪುಸ್ತಕವೂ ಕಳೆಯಲಿಲ್ಲ.

ಆಗ ನನಗೆ ಹತ್ತು ವರ್ಷ, ಅಕ್ಕನಿಗೆ ಹದಿಮೂರು. ದೊಡ್ಡವಳಾದ ಹುಡುಗಿ ಸ್ಟೇಷನ್ ರೋಡಿನಲ್ಲಿ ನಿಂತು ಕಾಮಿಕ್ಸ್ ಓದುವುದು ಅಪ್ಪನಿಗೆ ಒಪ್ಪಿಗೆಯಿರಲಿಲ್ಲ. ಹೀಗಾಗಿ ಪುಸ್ತಕ ಇಬ್ಬರೂ ಓದುತ್ತಿದ್ದೆವು, ಕಡೆಯ ಹಾಳೆಯನ್ನು ಮಾತ್ರ ನಾನು ಓದಿ ಬಂದು ಅವಳಿಗೆ ಹೇಳಬೇಕಿತ್ತು.

"ಹೀರೋ ಗೆದ್ದ," ಎನ್ನುತ್ತಿದ್ದೆ.

"ಅಂವ ಗೆಲ್ಲಾಂವನೇ. ಇವಂಗೇನಾಯ್ತು?"

"ಜೇಲಿಗಿ ಹೋದ."

"ಜೇಲಿನಾಗ ಉಂಡನೋ ಇಲ್ಲೋ?"

ಹಾಳೆಯಲ್ಲಿ ಊಟದ ಚಿತ್ರ ಎಂದೂ ಇರುತ್ತಿರಲಿಲ್ಲ. ಅಕ್ಕನಿಗೆ ‘ಇವನು’ ಎಂದರೆ ಖಳ, ಅವನದೇ ಚಿಂತೆ. ಹೀರೋಗಾದರೆ ಮನೆಯಿದೆ, ತಾಯಿಯಿದ್ದಾಳೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಇವನು ಒಬ್ಬನೇ ನೆಲಮಾಳಿಗೆಯಲ್ಲಿ ಕುಳಿತು ಅಷ್ಟು ದೊಡ್ಡ ಯಂತ್ರ ಮಾಡಿದ್ದಾನೆ, ಚಹಾ ಕೊಡುವವರೂ ಇಲ್ಲ ಎನ್ನುತ್ತಿದ್ದಳು.

ಸಪ್ಪಳ ಕಳ್ಳ ರೇಡಿಯೋ ರಿಪೇರಿಯವನು. ಮಾತಾಡಿದರೆ ಯಾರೂ ಕಿವಿಗೊಡದಷ್ಟು ಸಣ್ಣ ದನಿ. ಸಿಟ್ಟು ಬಂದು ಒಂದು ಡಬ್ಬಿ ಮಾಡಿ, ಊರಿನ ಸಪ್ಪಳವನ್ನೆಲ್ಲ ಅದರೊಳಗೆ ಎಳೆದುಕೊಳ್ಳತೊಡಗಿದ. ಮೊದಲು ರೈಲಿನ ಸೀಟಿ ಹೋಯಿತು, ಆಮೇಲೆ ಸಂತೆಯ ಗದ್ದಲ, ಆಮೇಲೆ ಮಕ್ಕಳ ಅಳು. ನಮ್ಮ ಪುಸ್ತಕ ಮುಗಿದದ್ದು ಅವನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಲ್ಲಿಗೆ. ಬಾಗಿಲಲ್ಲಿ ಹೀರೋ ನಿಂತಿದ್ದ. ಅಕ್ಕ ಅವತ್ತು ಎರಡು ಸಲ ಓದಿದಳು, ಎರಡು ಸಲವೂ ಅತ್ತಳು.

ಮರುದಿನ ನಾನು ಅಂಗಡಿಯಲ್ಲಿ ನಿಂತು ಕಡೆಯ ಹಾಳೆ ಓದಿದೆ. ಹೀರೋ ಡಬ್ಬಿಯನ್ನು ಒದೆಯುತ್ತಾನೆ. ಕದ್ದ ಸಪ್ಪಳವೆಲ್ಲ ಒಮ್ಮೆಲೇ ನುಗ್ಗಿ ರಿಪೇರಿಯವನ ಎರಡೂ ಕಿವಿ ಹೋಗುತ್ತವೆ. ಕಡೆಯ ಚಿತ್ರದಲ್ಲಿ ಅವನು ಬೀದಿಯ ನಡುವೆ ನಿಂತು, ಏನು ಹೇಳುತ್ತಿದ್ದೀರಿ ಎಂದು ಎಲ್ಲರ ಬಾಯಿ ನೋಡುತ್ತಿದ್ದಾನೆ. ಊರವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಹೀರೋ ಕೂಡ.

ಮನೆಗೆ ಬಂದರೆ ಅಕ್ಕ ಹೊಸ್ತಿಲ ಬಳಿ ಮೊರದಲ್ಲಿ ಬೇಳೆ ಹಸನು ಮಾಡುತ್ತ ಕುಳಿತಿದ್ದಳು. ಇವಂಗೇನಾಯ್ತು ಎಂದು ಕೇಳಿದಳು. ಅವಳ ಮುಖ ನೋಡಿ ನನ್ನ ಬಾಯಿಂದ ಬೇರೆಯೇ ಬಂತು.

"ಅವನೇ ಡಬ್ಬಿ ತೆಗೆದ."

"ತಾನಾಗೇ?"

"ಹೂಂ. ಎಲ್ಲಾ ಸಪ್ಪಳ ಡಬ್ಬ್ಯಾಗ ಅದ, ಮಾತಾಡ್ಲಿಕ್ಕಿ ಒಬ್ಬರಿಲ್ಲ. ಬ್ಯಾಸರಾಯ್ತು. ಮುಚ್ಚಳ ತೆಗೆದ."

ಅಕ್ಕ, ಹೌದು, ಹಾಗೇ ಆಗಿರಬೇಕು ಎಂದು ಮತ್ತೆ ಬೇಳೆಗೆ ಕೈ ಹಾಕಿದಳು. ಅದು ನಾನು ಗೆದ್ದ ಮೊದಲ ಕೇಸು ಎಂದು ಈಚಿನವರೆಗೂ ತಿಳಿದಿದ್ದೆ.

ಅಕ್ಕ ಖಟಕ ಚಿಂಚೋಳಿಯ ಸಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿ ಹೋದ ವರ್ಷ ನಿವೃತ್ತಳಾದಳು. ಅದರ ಹಿಂದೆಯೇ ಕಿವಿಯೂ ನಿವೃತ್ತಿ ಕೇಳಿತು. ಕುಕ್ಕರ್ ಎಷ್ಟು ಕೂಗಿದರೂ ಗೊತ್ತಾಗದೆ ಬೇಳೆ ತಳ ಹಿಡಿಯುತ್ತಿತ್ತು. ಭಾವ ಬೀದರಿಗೆ ಕರೆದೊಯ್ದು ತಪಾಸಣೆ ಮಾಡಿಸಿ, ಕಿವಿಯ ಮಷೀನ್ ಕೊಡಿಸಿದರು. ತಡ ಮಾಡಿದಷ್ಟೂ ಒಗ್ಗುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಮಷೀನು ಮಾತ್ರ ಅದರ ಪುಟ್ಟ ಡಬ್ಬಿಯಲ್ಲೇ, ಅಲ್ಮಾರಿಯಲ್ಲಿ ರೇಶಿಮೆ ಸೀರೆಗಳ ನಡುವೆ ಹಾಯಾಗಿ ಮಲಗಿತ್ತು.

"ಮೂವತ್ತು ವರ್ಷ ಗದ್ದಲ ಕೇಳೀನಿ," ಎನ್ನುತ್ತಿದ್ದಳು ಅಕ್ಕ. "ಸಾಕಾಗ್ಯದ."

ಇದು ತಮಾಷೆಯಾಗಿಯೇ ಇರುತ್ತಿತ್ತು, ಸೋಮವಾರದ ಕೂಟವನ್ನು ಅವಳು ಬಿಡದಿದ್ದರೆ. ಸೋಮವಾರ ಸಂಜೆ ಭಾಲ್ಕಿಯ ಅವಳ ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿ ವಚನ ಹೇಳುತ್ತಾರೆ, ಆಮೇಲೆ ಊರ ಸುದ್ದಿ ಹೇಳುತ್ತಾರೆ. ಒಮ್ಮೆ ಒಬ್ಬಾಕೆ ತನ್ನ ಮೈದುನ ತೀರಿಕೊಂಡ ಸುದ್ದಿ ಹೇಳಿದಾಗ ಅಕ್ಕ ನಗುನಗುತ್ತ, "ಭಾಳ ಛಲೋ ಆಯ್ತು ಬಿಡ್ರಿ," ಎಂದುಬಿಟ್ಟಳು. ಅವತ್ತಿನಿಂದ ಹೋಗುವುದನ್ನೇ ನಿಲ್ಲಿಸಿದಳು. ನೆರೆಯವರು ಬಂದರೆ ಒಳಗೆ ಹೋಗಿ ಕೂರುತ್ತಿದ್ದಳು. ತರಗತಿ ತುಂಬ ಮಾತಾಡಿದವಳು ಮನೆಯಲ್ಲಿ ದಿನಕ್ಕೆ ಹತ್ತು ಮಾತಿಗೆ ಇಳಿದಳು. ಹೀಗೇ ಬಿಟ್ಟರೆ ಅವಳು ಕೈತಪ್ಪಿ ಹೋಗುತ್ತಾಳೆ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಭಾವ ಫೋನ್ ಮಾಡಿ, "ವಕೀಲ್ ಸಾಹೇಬ್ರ, ಕಳ್ಳರನ್ನ ಬಿಡಸ್ತೀರಿ, ನಿಮ್ಮಕ್ಕನ ಹಟ ಬಿಡಸ್ರಿ ನೋಡಮ್," ಎಂದರು.

ನಾನು ಬುದ್ಧಿ ಓಡಿಸಿದೆ. ಬೀದರಿನ ಟಾಕೀಸಿನಲ್ಲಿ ಹೊಸ ಸೂಪರ್‌ಹೀರೋ ಸಿನಿಮಾ ಬಂದಿತ್ತು. ಅಲ್ಲಿ ಕೂರಿಸಿದರೆ, ಪಾತ್ರಗಳ ಬಾಯಿ ಆಡುವುದು ಕಂಡು ಮಾತು ಕೇಳದೆ, ತಾನಾಗಿಯೇ ಮಷೀನಿಗೆ ಬರುತ್ತಾಳೆ ಎಂದು ಲೆಕ್ಕ ಹಾಕಿ ಮ್ಯಾಟಿನಿಗೆ ಕರೆದೊಯ್ದೆ. ಆ ಸಿನಿಮಾದಲ್ಲಿ ಮೊದಲ ಐದು ನಿಮಿಷಕ್ಕೇ ಮೂರು ಸೇತುವೆ ಬಿದ್ದವು. ಕುರ್ಚಿ ನಡುಗಿತು, ನನ್ನ ಹಲ್ಲು ನಡುಗಿದವು. ಅಕ್ಕ ಸಂತೋಷದಿಂದ ನನ್ನ ಕಡೆ ತಿರುಗಿದಳು.

"ತಮ್ಮಾ, ಎಲ್ಲಾ ಕೇಳಸ್ತದ. ಮಷೀನ್ ಯಾಕ ಬೇಕು?"

ನಾನೇ ಕರೆತಂದ ಸಾಕ್ಷಿ ನನಗೇ ತಿರುಗಿಬಿದ್ದಿತ್ತು. ನೀಲಿ ಬೆಳಕಿನ ಕಂಬ ಇಳಿಯುವ ಹೊತ್ತಿಗೆ ನಾನು ಎರಡೂ ಕಿವಿ ಮುಚ್ಚಿಕೊಂಡಿದ್ದೆ. ಅಕ್ಕ ಸಮೋಸ ತಿನ್ನುತ್ತ, ಈ ಖಳನಿಗೆ ಮನೆಯಲ್ಲಿ ಯಾರೂ ಇಲ್ಲವೇ ಎಂದು ಕೇಳುತ್ತಿದ್ದಳು.

ಸಿನಿಮಾ ಬಿಟ್ಟ ಮೇಲೆ ಭಾಲ್ಕಿಯ ಬಸ್ಸು ಹತ್ತಿದೆವು. ನನಗೆ ಸೋಲು ತಡೆಯಲಾಗಲಿಲ್ಲ. ಇಂಥ ದರಿದ್ರ ಖಳರ ಬದಲು ನಮ್ಮ ಸಪ್ಪಳ ಕಳ್ಳನ ಸಿನಿಮಾ ಮಾಡಬೇಕಿತ್ತು ಎಂದು ಅವಳ ಕಿವಿಯ ಹತ್ತಿರ ಕೂಗಿ ಹೇಳಿದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ವಕೀಲನ ಬಾಯಿ, ನಿಲ್ಲಲಿಲ್ಲ.

"ಅವನೇ ತಾನಾಗಿ ಡಬ್ಬಿ ತೆಗೆದ ಅಕ್ಕಾ. ನೀನೂ ತೆಗಿ."

ಬಸ್ಸಿನಲ್ಲಿದ್ದವರೆಲ್ಲ, ಇವಳು ಯಾವ ಡಬ್ಬಿ ತೆಗೆಯಬೇಕು ಎಂದು ನೋಡಿದರು. ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು.

"ಅದು ಸುಳ್ಳ. ಮರುದಿನಾನೇ ಗೊತ್ತಾಯ್ತು ನನಗ."

ನಾನು ಅವಳ ಕಡೆ ತಿರುಗಿದೆ.

"ಅವ್ವ ಎಣ್ಣಿ ತರ್ಲಿಕ್ಕಿ ಕಳಿಸಿದ್ಲು. ಹಂಗೇ ಸ್ಟೇಷನ್ ರೋಡಿಗಿ ಹೋಗಿ ಓದಿ ಬಂದೆ. ನೀ ಹೇಳಿದ್ದು ಭಾಳ ಛಲೋ ಇತ್ತು. ಆ ಪುಸ್ತಕದಾಗ ಅಷ್ಟು ಛಲೋ ಇರಲಿಕ್ಕಿ ಸಾಧ್ಯನೇ ಇಲ್ಲ ಅನಸ್ತು."

ಅರ್ಧ ಶತಮಾನ ಗೆದ್ದೆನೆಂದು ಬೀಗಿದ ಕೇಸು ಮರುದಿನವೇ ಬಿದ್ದುಹೋಗಿತ್ತು. ನನಗೆ ನಾಚಿಕೆಯಾಯಿತು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಅಂವ ಕಿವುಡಾದ, ಎಲ್ಲರೂ ನಕ್ಕರು. ಆ ಚಿತ್ರ ಇನ್ನಾ ಕಣ್ಣಾಗ ಅದ. ಮಷೀನ್ ಹಾಕ್ಕೊಂಡು ಸೋಮವಾರ ಹೋದ್ರ, ನನಗೂ ಹಂಗೇ ನಕ್ಕರ ಹ್ಯಾಂಗ?"

ರೇಶಿಮೆ ಸೀರೆಗಳ ನಡುವೆ ಮಷೀನು ಯಾಕೆ ಮಲಗಿತ್ತೆಂದು ನನಗೆ ಆಗ ತಿಳಿಯಿತು. ಗದ್ದಲ ಸಾಕಾದದ್ದಲ್ಲ.  ಅವಳೇ ಕೇಳಿದಳು.

"ಸುಳ್ಳ ಯಾಕ ಹೇಳ್ದಿ?"

"ನೀ ಬೇಳಿ ಹಸನ ಮಾಡ್ಕೋತ ಕುಂತಿದ್ದಿ," ಎಂದು ಕೂಗಿದೆ. "ನಿನ್ನ ಮಾರಿ ನೋಡಿ ಖರೆ ಹೇಳ್ಲಿಕ್ಕಿ ಆಗಲಿಲ್ಲ."

 ಬಹಳ ದೂರ ಬಂದ ಮೇಲೆ ಅಕ್ಕ ಚೀಲಕ್ಕೆ ಕೈ ಹಾಕಿ, ನೀರಿನ ಬಾಟಲಿಯ ಕೆಳಗಿನಿಂದ ಆ ಪುಟ್ಟ ಡಬ್ಬಿಯನ್ನು ತೆಗೆದಳು. ಬೆಳಗಿನಿಂದ ಅದನ್ನು ಜೊತೆಗೇ ಇಟ್ಟುಕೊಂಡು ತಿರುಗಿದ್ದಳು. ಎಡಗಿವಿಯದನ್ನು ಬಲಗಿವಿಗೆ ಹಾಕಿ ನೋಡಿ, ಬೈದುಕೊಂಡು, ಮತ್ತೆ ಸರಿಯಾಗಿ ಹಾಕಿಕೊಂಡಳು. ಬಸ್ಸಿನ ಕಿಟಕಿಗಳ ಗಡಗಡಕ್ಕೆ ಮುಖ ಕಿವುಚಿದಳು. ಪಕ್ಕದ ಸಾಲಿನಲ್ಲಿ ಕುಳಿತಿದ್ದ ಹೆಂಗಸು ಕಣ್ಣು ಕೀಳದೆ ನೋಡುತ್ತಿದ್ದಳು.  ಅಕ್ಕನೇ ಅವಳ ಕಡೆ ತಿರುಗಿದಳು.

"ಮಷೀನ್ ಅದರಿ. ನನಗ ಕಿವಿ ಕೇಳಸಂಗಿಲ್ಲ."

"ನಮ್ಮ ಅತ್ತಿಗೂ ಹಿಂಗೇ ಆಗ್ಯದರಿ," ಎಂದಳು ಆಕೆ. "ಇದು ಎಲ್ಲಿ ಸಿಗ್ತದರಿ?"

ಅಕ್ಕ ಡಾಕ್ಟರ ವಿಳಾಸ, ಹೋಗುವ ದಾರಿ, ಅಲ್ಲಿ ಕಾಯುವಾಗ ತಿನ್ನಲು ಏನು ಒಯ್ಯಬೇಕು ಎಂಬುದನ್ನೂ ಹೇಳಿದಳು. ಇಷ್ಟು ದಿನ ಉಳಿಸಿಟ್ಟ ಮಾತೆಲ್ಲ ಆಕೆಯ ಪಾಲಾಯಿತು. ಭಾಲ್ಕಿ ಹತ್ತಿರ ಬಂದಾಗ ನಾನು, ಇಳಿಯೋಣ ಎಂದು ಅಭ್ಯಾಸದಂತೆ ಕೂಗಿದೆ. ಅಕ್ಕ ಕಿವಿ ಹಿಡಿದುಕೊಂಡಳು.

"ಯಾಕ ಒದರ್ತಿ? ಸಾವಕಾಶ ಹೇಳು." ಚೀಲವನ್ನು ಹೆಗಲಿಗೆ ಹಾಕಿಕೊಂಡು, ಆದರೂ ಏಳದೆ ಕೇಳಿದಳು, "ಇವಂಗೇನಾಯ್ತು?"

"ಅವನೇ ಡಬ್ಬಿ ತೆಗೆದ," ಎಂದೆ. ಅಷ್ಟು ಸಣ್ಣ ದನಿ ನನಗೇ ಸರಿಯಾಗಿ ಕೇಳಲಿಲ್ಲ. ಅಕ್ಕನಿಗೆ ಕೇಳಿಸಿತು.