ಮದ್ದೂರಿನ ಹೆಡ್‌ಮಾಸ್ಟರಿಗೆ ಕಂಪ್ಯೂಟರ್ ಮಾರಿದ್ದು

ಡಿಗ್ರಿ ಮುಗಿಸಿ ಮೂರು ವರ್ಷ ನಾನು ಚಾಮರಾಜನಗರದ ಒಂದು ಹೊಲಿಗೆ ಯಂತ್ರದ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬೆಳಿಗ್ಗೆ ನಮ್ಮೂರು ಹರವೆಯಿಂದ ಬಸ್ಸು, ಸಂಜೆ ವಾಪಸ್ಸು. ಬಂದ ಹೆಂಗಸರಿಗೆ ಯಂತ್ರ ತುಳಿದು ತೋರಿಸುವುದು, ಕೊಂಡವರ ಮನೆಯಲ್ಲಿ ಅದು ಕೆಟ್ಟು ನಿಂತರೆ ಹೋಗಿ ಸರಿಮಾಡುವುದು ನನ್ನ ಕೆಲಸ. ದೊಡ್ಡ ಕಂಪ್ಯೂಟರ್ ಕಂಪನಿಯೊಂದು ನಮ್ಮ ಜಿಲ್ಲೆಗೆ ಮಾರಾಟ ಪ್ರತಿನಿಧಿ ಬೇಕೆಂದು ಪತ್ರಿಕೆಯಲ್ಲಿ ಹಾಕಿಸಿದಾಗ, ಅದನ್ನು ಕತ್ತರಿಸಿ ನನ್ನ ಕೈಗಿಟ್ಟವರು ಅಂಗಡಿಯ ಯಜಮಾನರಾದ ಸಾಹೇಬರೇ.

"ಅರ್ಜಿ ಹಾಕ್ಬುಡಮ್ಮ. ಮಾರಾದು ನಿಂಗೆ ಬತ್ತದೆ. ಏನ್ ಮಾರ್ತೀಯ ಅನ್ನಾದು ಆಮೇಲಿನ್ ಮಾತು."

ಅರ್ಜಿ ಹಾಕಿದೆ. ಸಂದರ್ಶನದ ಮೊದಲ ಸುತ್ತು ಫೋನಿನಲ್ಲಿ. ಅಂಗಡಿಗೆ ಕಂಪನಿಯವರ ಕರೆ ಬಂದಾಗ ನಾನು ಪುಣಜನೂರಿನಲ್ಲಿ ಯಾರದೋ ಯಂತ್ರಕ್ಕೆ ಬೆಲ್ಟು ಹಾಕುತ್ತಿದ್ದೆ. ಅವರು ಕೇಳಿದ್ದಕ್ಕೆಲ್ಲ ನನ್ನ ಬದಲು ಸಾಹೇಬರೇ ಉತ್ತರ ಕೊಟ್ಟು, ಕೇಳದ್ದನ್ನೂ ಹೇಳಿದ್ದರು. ನಾನು ಬರುತ್ತಲೇ, "ಪಾಸಾದೆ ಕಣಮ್ಮ. ಸೋಮವಾರ ಮೈಸೂರಿಗೆ ಓಗ್ಬೇಕಂತೆ" ಎಂದರು. ನಾನು ಸಲೀಸಾಗಿ ದಾಟಿದ ಸುತ್ತು ಅದೊಂದೇ.

ಎರಡನೆಯದು ಮೈಸೂರಿನ ಹೋಟೆಲಿನಲ್ಲಿ, ಎಂಟು ಜನರ ಗುಂಪು ಚರ್ಚೆ. ವಿಷಯ: ಗ್ರಾಹಕರ ಮಾತನ್ನು ಕೇಳಿಸಿಕೊಳ್ಳುವುದು. ಏಳು ಜನ ಒಟ್ಟಿಗೇ ಮಾತಾಡಿದರು. ಟೈ ಕಟ್ಟಿದ್ದ ತರುಣನೊಬ್ಬ ಮೇಜು ಗುದ್ದಿ ಗುದ್ದಿ ಕೇಳಿಸಿಕೊಳ್ಳುವುದರ ಮಹತ್ವ ವಿವರಿಸಿದ. ನನಗೆ ಬಾಯಿ ಹಾಕಲು ಸಂದೇ ಸಿಗಲಿಲ್ಲ. ಕೊನೆಗೆ ಯಾರು ಏನು ಹೇಳಿದರೆಂದು ಪರೀಕ್ಷಕರು ಕೇಳಿದಾಗ, ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ಟೈ ಕಟ್ಟಿದವನೂ ನಾನೂ ಮಾತ್ರ ಉಳಿದೆವು.

ಮೂರನೆಯ ಸುತ್ತಿನಲ್ಲಿ ಅಧಿಕಾರಿಯೊಬ್ಬರು ನಮ್ಮ ಕಡೆಯ ಯಾವುದಾದರೂ ಊರಿನ ಹೆಸರು ಕೇಳಿದರು. ಗುಂಡ್ಲುಪೇಟೆ ಹತ್ತಿರದ ಮದ್ದೂರು ಎಂದೆ.

"ಸರಿ, ನಾನೀಗ ಮದ್ದೂರಿನ ಹೆಡ್‌ಮಾಸ್ಟರು. ನನಗೆ ಹತ್ತು ಕಂಪ್ಯೂಟರ್ ಮಾರಿ."

"ಶಾಲೇಲಿ ಕರೆಂಟು ಎಷ್ಟೊತ್ತು ಇರುತ್ತೆ ಸರ್?"

"ಇಡೀ ದಿನ."

"ಮದ್ದೂರಿನಲ್ಲಾ? ಕಾಡಂಚು ಸರ್. ಒಂದು ಮರ ಬಿದ್ದರೆ ಎರಡು ದಿನ ಲೈನು ಇರಲ್ಲ."

ಅವರು ಹೆಡ್‌ಮಾಸ್ಟರಿಕೆಯ ಗತ್ತು ಬಿಡದೆ, "ಹಾಗಾದರೆ ಏನು ಮಾಡಲಿ?" ಎಂದರು.

"ಎರಡು ತಗೊಳ್ಳಿ, ಜೊತೆಗೆ ಬ್ಯಾಟರಿ. ಮೊದಲು ಮೇಷ್ಟ್ರುಗಳು ಕಲೀಲಿ. ಮಿಕ್ಕ ಎಂಟರ ಮಾತು ಆಮೇಲೆ ಆಡೋಣ."

ಅವರು ತುಂಬ ಹೊತ್ತು ಏನೋ ಬರೆದುಕೊಂಡರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೀಗುತ್ತಾ ಬಂದೆ.

ಹದಿನೈದು ದಿನಕ್ಕೆ ಕಾಗದ ಬಂತು. ಗ್ರಾಹಕರ ಬಗೆಗಿನ ನನ್ನ ಕಾಳಜಿ ಮೆಚ್ಚುವಂಥದ್ದು. ಹುದ್ದೆಗೆ ಬೇರೊಬ್ಬರು ಆಯ್ಕೆಯಾಗಿದ್ದಾರೆ. ಸಾಹೇಬರು "ನಷ್ಟ ಅವ್ರಿಗೇ ಬುಡು" ಎಂದರು. ನಾನು ಅಂಗಡಿಯ ಹಿಂದೆ ಹೋಗಿ ಅತ್ತೆ.

ಮೂರು ತಿಂಗಳ ಮೇಲೆ, ಕೆಲಸದ ಮೇಲೆ ಗುಂಡ್ಲುಪೇಟೆಗೆ ಹೋಗಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ಆ ಬೇರೊಬ್ಬರು ಸಿಕ್ಕರು. ಅದೇ ಟೈ, ಬೆವರಿ ಒದ್ದೆಯಾಗಿತ್ತು.

"ಯಾರೂ ನನ್ನ ಮಾತು ಕೇಳ್ತಾನೇ ಇಲ್ಲ ಮೇಡಂ," ಎಂದ.

ಮುಖ ತಿರುಗಿಸಿಕೊಂಡು ಹೋಗಬಹುದಿತ್ತು. ಯಾಕೋ ಆಗಲಿಲ್ಲ. ನನಗೆ ಗುರುತಿದ್ದ ಒಂದು ಟೈಪಿಂಗ್ ಶಾಲೆಗೆ ಕರೆದುಕೊಂಡು ಹೋದೆ. ಬಾಗಿಲಲ್ಲೇ ನಿಲ್ಲಿಸಿ, "ಹತ್ತು ನಿಮಿಷ ಬಾಯಿ ಬಿಡಬೇಡಿ" ಎಂದೆ. ಅಲ್ಲಿನ ಮೇಡಂ ತಮ್ಮ ಕಷ್ಟಗಳನ್ನೆಲ್ಲ ಹೇಳಿಕೊಂಡು, ತಾವಾಗಿಯೇ ನಾಲ್ಕು ಕಂಪ್ಯೂಟರಿಗೆ ಒಪ್ಪಿದರು. ಆಮೇಲೆ ಇನ್ನೂ ಮೂರು ಕಡೆಗೆ ಪರಿಚಯ ಮಾಡಿಸಿಕೊಟ್ಟೆ.

ಆ ವರ್ಷ ಜಿಲ್ಲೆಗಳ ಪ್ರತಿನಿಧಿಗಳಲ್ಲಿ ಅವನೇ ಉತ್ತಮನೆಂದು ಕಂಪನಿ ಬಹುಮಾನ ಕೊಟ್ಟಿತು. ಸಿಹಿ ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದಿದ್ದ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮೈಸೂರುಪಾಕು ಚೆನ್ನಾಗಿತ್ತು, ಎರಡು ತಿಂದೆ.